ಉಡದಾರಕ್ಕೆ ಸಿಕ್ಕಿಸಿದ ಚಾಕು

"ಅದು ಕೀ ಚೈನ್ ಅಲ್ಲ ಸಾರ್," ಎಂದ ಮುಬಷೀರ್. "ಕೊಕ್ಕೆ. ಸೊಂಟಕ್ಕೆ ಸಿಕ್ಕಿಸ್ಕೊಳ್ಳೋದು. ನಾನೇ ಮಾಡಿದ್ದು."

ಸರಳುಗಳ ಆಚೆ ಅವನು, ಈಚೆ ಸ್ಟೂಲಿನ ಮೇಲೆ ನಾನು. ನಡುವೆ ಪ್ಲಾಸ್ಟಿಕ್ ಕವರಿನೊಳಗೆ ಮಡಿಚುವ ಚಾಕು, ಅದರ ತುದಿಗೆ ಹಿತ್ತಾಳೆಯದೊಂದು ಕೊಂಡಿ. ಹಿಂದಿನ ದಿನ ಬೆಳಗ್ಗೆ ಸಿದ್ದಾಪುರದ ಗುಡ್ಡದ ಬುಡದಲ್ಲಿ, ತನ್ನದೇ ಈರುಳ್ಳಿ ಹೊಲದ ಬದುವಿನ ಮೇಲೆ ಹೆಣವಾಗಿ ಬಿದ್ದಿದ್ದ ತೋಟಪ್ಪನ ಪಕ್ಕದಲ್ಲಿ ಸಿಕ್ಕಿದ್ದು ಇದೇ ಚಾಕು. ಹಿಡಿಯ ಮೇಲೆ 'ಮು' ಎಂದು ಪಂಚ್ ಹೊಡೆದಿತ್ತು.

ಚಳ್ಳಕೆರೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಮುಬಷೀರ್ ತನ್ನ ಸ್ಪ್ಯಾನರಿಗೂ, ಸುತ್ತಿಗೆಗೂ, ಊಟದ ಡಬ್ಬಿಗೂ 'ಮು' ಎಂದು ಪಂಚ್ ಹೊಡೆಯುತ್ತಾನೆ. ಕೊಲೆಯಾದ ಸಂಜೆ ಟಿವಿಎಸ್ ಮೇಲೆ ಡೀಸೆಲ್ ಪಂಪು ಕಟ್ಟಿಕೊಂಡು ಅವನು ಸಿದ್ದಾಪುರಕ್ಕೆ ಬಂದಿದ್ದನ್ನು ಊರೇ ನೋಡಿದೆ. ಅದಕ್ಕೂ ಮೊದಲು ಒಂದು ದಿನ, ರಿಪೇರಿ ತಡವಾಯಿತೆಂದು ತೋಟಪ್ಪ ಗ್ಯಾರೇಜಿನ ಮುಂದೆ ನಿಂತು ಕೂಗಾಡಿದ್ದನ್ನು ಚಳ್ಳಕೆರೆಯೂ ನೋಡಿದೆ. ಇಷ್ಟು ಸಾಕಲ್ಲ? ನಮ್ಮ ಸರ್ಕಲ್ ಸಾಹೇಬರಿಗೆ ಸಾಕಾಗಿತ್ತು. ನಾಳೆ ಸಂಜೆಯೊಳಗೆ ಅರೆಸ್ಟ್ ತೋರಿಸಿ ಹುಡುಗನನ್ನು ಕೋರ್ಟಿಗೆ ಹಾಜರುಪಡಿಸಿ ಎಂದು ಅಂದು ಬೆಳಗ್ಗೆ ಫೋನಿನಲ್ಲಿ ಹೇಳಿ, ನನ್ನ ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟಿದ್ದರು.

ನನಗೆ ಸಾಕಾಗಿರಲಿಲ್ಲ. ಕಾನ್‌ಸ್ಟೇಬಲ್ಲಾಗಿ ಸೇರಿ ಸಬ್ ಇನ್‌ಸ್ಪೆಕ್ಟರ್ ಆಗುವಷ್ಟರಲ್ಲಿ ತಲೆ ನೆರೆತ ನನ್ನಂಥವನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿರುತ್ತದೆ. ಎಲ್ಲ ಸರಿಯಾಗಿ ಕೂತಿದೆ ಅನ್ನಿಸಿದಾಗಲೇ ಮತ್ತೆ ಮೊದಲಿನಿಂದ ಕೆದಕುವುದು. ತನ್ನ ಹೆಸರು ಬರೆದ ಚಾಕುವಿನಿಂದ ಕೊಂದು, ಅದನ್ನು ಅಲ್ಲೇ ಬಿಟ್ಟು, ಮರುದಿನ ಗ್ಯಾರೇಜು ತೆಗೆದು ಕೂತಿದ್ದನಂತೆ. ಅಷ್ಟು ದಡ್ಡನಿಗೆ ಯಾರು ಟ್ರ್ಯಾಕ್ಟರ್ ಎಂಜಿನ್ ಬಿಚ್ಚಲು ಕೊಡುತ್ತಾರೆ?

"ಚಾಕು ನಂದೇ ಸಾರ್. ಇಲ್ಲ ಅಂದಿಲ್ಲ. ಕೊಟ್ಬಿಟ್ಟೆ ಅಂತ ನಿನ್ನೆಯಿಂದ ಹೇಳ್ತಾನೇ ಇದೀನಿ."

ಅವನ ಕೆಳತುಟಿ ಬದನೆಕಾಯಿಯ ಹಾಗೆ ಊದಿಕೊಂಡಿತ್ತು. ಯಾರು ಹೊಡೆದರು ಎಂದು ನಾನು ಕೇಳಿದಾಗ ಸ್ಟೇಷನ್ನಿನ ಎಲ್ಲರಿಗೂ ಒಮ್ಮೆಗೇ ಕೆಲಸ ನೆನಪಾಗಿತ್ತು. ಆ ತುಟಿಯಿಂದ ಬರುವ ಮಾತು ಅರ್ಧ ಗಾಳಿ, ಅರ್ಧ ಶಬ್ದ.

"ಯಾರಿಗೆ ಕೊಟ್ಟೆ?"

"ತೋಟಪ್ಪಣ್ಣೋರಿಗೆ."

ಹೆಡ್ ಕಾನ್‌ಸ್ಟೇಬಲ್ ಪೆದ್ದಣ್ಣ ಮೇಜಿನ ಬಳಿಯಿಂದ ಎದ್ದು ಬಂದು ನನ್ನ ಕಿವಿಯಲ್ಲಿ, ನಿನ್ನೆಯೂ ಇದನ್ನೇ ಹೇಳಿದ ಸಾರ್, ಸತ್ತವನ ಮೇಲೆ ಹಾಕಿಬಿಟ್ಟರೆ ಸುಲಭವಲ್ಲವೇ ಎಂದ. ನಾನು ಕೈ ಎತ್ತಿ ಅವನನ್ನು ಸುಮ್ಮನಾಗಿಸಿದೆ.

ಮುಬಷೀರ್ ಕೊಕ್ಕೆಯ ಕಥೆ ಹೇಳಿದ. ಮುಂಗಾರಿಗೆ ಮುಂಚೆ ಟ್ರ್ಯಾಕ್ಟರ್ ತಂದಾಗ ಅವರು ಬೇಜಾರು ಮಾಡಿಕೊಂಡಿದ್ದರಂತೆ. ದಿನವೂ ಹತ್ತಿಪ್ಪತ್ತು ಸಲ ಬೇಕಾಗುವ ಚಾಕು, ಆದರೆ ಒಂದೂ ಬಾಳುವುದಿಲ್ಲ. ಅಂಗಿಯ ಜೇಬಿನಲ್ಲಿಟ್ಟರೆ ಬಾವಿಗೆ ಬಗ್ಗಿದಾಗ ಜಾರುತ್ತದೆ. ಪಂಚೆಯ ಗಂಟಿಗೆ ಸಿಕ್ಕಿಸಿದರೆ ಪಂಚೆ ಬಿಗಿ ಮಾಡಿಕೊಳ್ಳುವಾಗ ಕಳಚುತ್ತದೆ. ಪಟಾಪಟಿ ಚಡ್ಡಿಯ ಜೇಬಿನಲ್ಲಿಟ್ಟರೆ ಕುಕ್ಕರುಗಾಲಲ್ಲಿ ಕೂತಾಗ ತೊಡೆಗೆ ಒತ್ತುತ್ತದೆ, ಎದ್ದರೆ ಇರುವುದಿಲ್ಲ. ಉಡದಾರಕ್ಕೇ ಗಂಟು ಹಾಕಿದರೆ ಬೇಕಾದಾಗ ಬಿಚ್ಚಲು ಬರುವುದಿಲ್ಲ. ಕಟ್ಟಿಕೊಂಡೇ ಚೀಲದ ಹುರಿ ಕೊಯ್ಯಲು ಹೋಗಿ ಹೊಟ್ಟೆ ಗೀರಿಕೊಂಡಿದ್ದನ್ನೂ ತೋರಿಸಿದ್ದರಂತೆ.

"ನಾವು ಉಡದಾರ ಕಟ್ಟಲ್ಲ ಸಾರ್. ನಂಗೇನ್ ಗೊತ್ತು. ಆದ್ರೆ ಚಾಕು ಕಳಚಬಾರ್ದು, ಬೇಕಂದಾಗ ಒಂದೇ ಕೈಲಿ ಬರಬೇಕು. ಅಷ್ಟೇ ತಾನೆ? ಹಿತ್ತಾಳೆ ಪಟ್ಟಿ ಬಗ್ಗಿಸ್ದೆ, ಒಳಗೆ ಸ್ಪ್ರಿಂಗ್ ಕೂರಿಸ್ದೆ. ಎರಡು ಬೆರಳಲ್ಲಿ ಹಿಡಿದು ಹೆಬ್ಬೆಟ್ಟಲ್ಲಿ ಒತ್ತಬೇಕು. ಒತ್ತದೆ ಎಷ್ಟು ಎಳೆದ್ರೂ ಬರಲ್ಲ. ಖಾಲಿ ಕೊಕ್ಕೆ ಕೊಡೋದು ಹೆಂಗೆ ಅಂತ ನನ್ನ ಚಾಕೂನೇ ಸಿಕ್ಕಿಸಿ ಕೊಟ್ಟೆ."

"ತೋಟಪ್ಪನ ಮೇಲೆ ಸಿಟ್ಟಿರಲಿಲ್ಲವಾ?"

"ತೋಟನ ಮೇಲಾ?" ಅವನು ನಗಲು ಹೋಗಿ ತುಟಿ ಹಿಡಿದುಕೊಂಡ. "ನಾವಿಬ್ರೂ ಹೈಸ್ಕೂಲಲ್ಲಿ ಒಂದೇ ಬೆಂಚು ಸಾರ್. ಲೇ ಅಂತಾನೇ ಮಾತು. ಬೈತಾನೆ, ಟೀ ಕುಡಿಸ್ತಾನೆ. ಅವತ್ತೂ ಕುಡಿಸಿದ."

ಅಲ್ಲಿಯವರೆಗೆ ಗಟ್ಟಿಯಾಗಿದ್ದವನು ಅಲ್ಲಿ ಅತ್ತುಬಿಟ್ಟ. ಊದಿದ ತುಟಿಯಲ್ಲಿ ಅಳುವುದು ನೋಡಲಾಗುವುದಿಲ್ಲ. ನಾನು ಎದ್ದು ನಿಂತೆ.

"ನಾನು ಸುಳ್ಳು ಹೇಳಿದ್ರೆ ಅವ್ರನ್ನೇ ಕೇಳಿ ಸಾರ್. ಚಾಕು ಕೊಟ್ಟಿದ್ದು ಹೌದೋ ಅಲ್ವೋ ಅವ್ರನ್ನೇ ಕೇಳಿ."

ಪೆದ್ದಣ್ಣ ಕಿಸಕ್ಕನೆ ನಕ್ಕ. ಸತ್ತವನನ್ನು ಹೋಗಿ ಕೇಳಬೇಕಂತೆ. ನನಗೂ ಹುಡುಗನಿಗೆ ತಲೆ ಕೆಟ್ಟಿತೇನೋ ಅನ್ನಿಸಿ ಪಾಪ ಎನಿಸಿತು.

ಹೊರಗೆ ಮೆಟ್ಟಿಲ ಮೇಲೆ ಅವನ ತಾಯಿ ಸಾಬಿರಾ ಕೂತಿದ್ದಳು. ಚಳ್ಳಕೆರೆಯಿಂದ ಮೊದಲ ಬಸ್ಸಿಗೇ ಮೊಳಕಾಲ್ಮುರಿಗೆ ಬಂದವಳು, ತಂದ ಊಟದ ಡಬ್ಬಿಯನ್ನು ತೆರೆದೂ ಇರಲಿಲ್ಲ. ನನ್ನನ್ನು ಕಂಡು ಎದ್ದಳು. ಅವಳು ಗೋಗರೆಯಲಿಲ್ಲ, ಶಾಪವನ್ನೂ ಹಾಕಲಿಲ್ಲ. ಮಗ ಹೇಳಿದ ಕೊಕ್ಕೆ ನಿಜವೇ ಎಂದು ಕೇಳಿದೆ. ಅವಳು ಸೆರಗನ್ನು ಸರಿಸಿ, ಸೊಂಟದಲ್ಲಿ ನೇತಾಡುತ್ತಿದ್ದ ಬೀರುವಿನ ಕೀಗಳನ್ನು ಹಿಡಿದು ಹೆಬ್ಬೆರಳಿಂದ ಒತ್ತಿದಳು. ಕೀಗೊಂಚಲು ಕೊಕ್ಕೆಯ ಸಮೇತ ಅಂಗೈಗೆ ಬಂತು.

"ನಾನು ಬೀಗದ ಕೈ ಕಳೀತೀನಿ ಅಂತ ಮಾಡ್ಕೊಟ್ಟಿದ್ದು ಸಾಬ್. ನೀವೇ ಇಟ್ಕೊಳ್ಳಿ. ನೋಡ್ರಿ ಒಂದ್ ಸಲ. ಕಳೀದೇ ಇರ್ಲಿ ಅಂತ ಕೊಕ್ಕೆ ಮಾಡೋ ಹುಡುಗ, ಕೊಂದು ಚಾಕು ಬಿಟ್ಟು ಬರ್ತಾನಾ?"

ನಾನು ಕೆದಕುತ್ತಿದ್ದುದನ್ನು ಆ ತಾಯಿ ಒಂದೇ ಮಾತಿನಲ್ಲಿ ಹೊರಗೆ ತೆಗೆದಿಟ್ಟಿದ್ದಳು. ನಾನು ಕೀಗಳನ್ನು ಬಿಚ್ಚಿ ಅವಳಿಗೆ ಕೊಟ್ಟು ಕೊಕ್ಕೆ ಇಟ್ಟುಕೊಂಡೆ.

ಕೋಣೆಗೆ ಹೋಗಿ ಬಾಗಿಲು ಹಾಕಿ ಅಂಗಿ ಎತ್ತಿದೆ. ನನ್ನ ಉಡದಾರವನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಹೊಟ್ಟೆ ಮುಂದೆ ಬಂದ ಮೇಲೆ ಅದು ಕೆಳಗೆಲ್ಲೋ ಇದೆ ಎಂಬ ನಂಬಿಕೆಯ ಮೇಲೆಯೇ ಬದುಕುತ್ತಿದ್ದೆ. ಕೆಂಪು ದಾರ, ಹೆಂಡತಿ ಹಬ್ಬಕ್ಕೆ ಬದಲಾಯಿಸಿದ್ದು. ಸೀಬೆಹಣ್ಣು ಹೆಚ್ಚಲು ಮೇಜಿನಲ್ಲಿ ಇಟ್ಟುಕೊಂಡಿದ್ದ ನನ್ನ ಮಡಿಚುವ ಚಾಕುವನ್ನು ಕೊಕ್ಕೆಗೆ ಹಾಕಿ, ಕೊಕ್ಕೆಯನ್ನು ಬಲಸೊಂಟದ ದಾರಕ್ಕೆ ಸಿಕ್ಕಿಸಿದೆ.

ಹುಡುಗ ಹೇಳಿದ್ದನ್ನೆಲ್ಲ ಮಾಡಿ ನೋಡಿದೆ. ಕುಕ್ಕರುಗಾಲಲ್ಲಿ ಕೂತೆ, ಎದ್ದೆ, ಬಗ್ಗಿದೆ. ಜೀಪು ಹತ್ತಿ ಇಳಿದೆ. ಮನೆಯಲ್ಲಿ ಮಗ್ಗುಲಾಗಿ ಮಲಗಿದೆ. ಚಾಕು ಅಲ್ಲೇ ಇತ್ತು, ಒತ್ತಲಿಲ್ಲ, ಚುಚ್ಚಲಿಲ್ಲ. ಮೊದಮೊದಲು ಇದೆಯೋ ಇಲ್ಲವೋ ಎಂದು ಕೈ ಹೋಗಿ ಮುಟ್ಟುತ್ತಿತ್ತು. ಮರುದಿನ ಬೆಳಗಿನ ಹೊತ್ತಿಗೆ ನಾನು ಕಳಿಸದಿದ್ದರೂ ಕೈ ತಾನಾಗಿಯೇ ಹೋಗುತ್ತಿತ್ತು. ಪೇಪರಿನ ಕಟ್ಟು ಬಿಚ್ಚಬೇಕೆಂದುಕೊಳ್ಳುವ ಮೊದಲೇ ಎರಡು ಬೆರಳು ಹಿಡಿದು, ಹೆಬ್ಬೆರಳು ಒತ್ತಿ, ಚಾಕು ಹೊರಗೆ. ಮನುಷ್ಯನ ಕೈ ಎಷ್ಟು ಬೇಗ ಹೊಸ ಮನೆ ಮಾಡಿಕೊಳ್ಳುತ್ತದೆ ಎಂದು ನನಗೇ ಆಶ್ಚರ್ಯವಾಯಿತು.

ಸ್ನಾನಕ್ಕೆ ಬಿಚ್ಚಿದಾಗ ಇನ್ನೊಂದನ್ನು ಕಂಡೆ. ಕೊಕ್ಕೆ ಕೂತಿದ್ದಲ್ಲಿ ಕೆಂಪು ದಾರದ ಮೇಲೆ ಬೆರಳಗಲ ಕಪ್ಪು ಹತ್ತಿತ್ತು. ಹಿತ್ತಾಳೆಗೆ ಬೆವರು ತಾಗಿದರೆ ಬಿಡುವ ಕಿಲುಬು. ಉಜ್ಜಿದೆ, ಹೋಗಲಿಲ್ಲ. ಹೆಂಡತಿಗೆ ಏನು ಹೇಳುವುದು ಎಂದು ಯೋಚಿಸಿದೆನೇ ಹೊರತು ಅದಕ್ಕಿಂತ ಹೆಚ್ಚಿನದೇನೂ ಆಗ ತೋಚಲಿಲ್ಲ.

ಸ್ಟೇಷನ್ನಿಗೆ ಬಂದರೆ ಸ್ಟುಡಿಯೋದವನು ಹೆಣದ ಫೋಟೋಗಳನ್ನು ತಂದಿಟ್ಟಿದ್ದ. ಎಲ್ಲವೂ ಸ್ಥಳದಲ್ಲೇ ತೆಗೆದದ್ದು, ದವಾಖಾನೆಗೆ ಸಾಗಿಸುವ ಮೊದಲು. ಒಂದರಲ್ಲಿ ಗಾಯ ಕಾಣಲೆಂದು ಅಂಗಿಯನ್ನು ಎದೆಯವರೆಗೆ ಸರಿಸಿದ್ದರು. ಪಕ್ಕೆಲುಬಿನ ಕೆಳಗೆ ಗಾಯ. ಮೊದಲು ನಾನೂ ಅದನ್ನೇ ನೋಡಿದೆ. ಸೊಂಟದಲ್ಲಿ ಚಾಕು ಕಟ್ಟಿಕೊಂಡು ಒಂದು ದಿನ ಕಳೆದವನಿಗೆ ಕಣ್ಣು ಇನ್ನಷ್ಟು ಕೆಳಗೆ ಇಳಿಯಿತು.

ಬಿಸಿಲಿಗೆ ಕಪ್ಪಾದ ಮೈ. ಸೊಂಟದ ಸುತ್ತ, ಹೊಕ್ಕುಳ ಕೆಳಗೆ, ತೆಳ್ಳಗೆ ಬಿಳಿ ಗೆರೆ. ಉಡದಾರ ಕೂರುತ್ತಿದ್ದ ಜಾಗ. ಗೆರೆ ಇತ್ತು, ಉಡದಾರ ಇರಲಿಲ್ಲ.

ಪೆದ್ದಣ್ಣನಿಗೆ ತೋರಿಸಿದೆ. ಚಾಕು ಕಿತ್ತುಕೊಳ್ಳಲು ದಾರವನ್ನೇ ಕೊಯ್ದಿದ್ದಾನೆ ಸಾರ್, ಹುಡುಗ ಖತರ್‌ನಾಕ್ ಎಂದ. ನಾನು ಅಂಗಿ ಸರಿಸಿ, ಅವನೆದುರೇ ಹೆಬ್ಬೆರಳಿಂದ ಒತ್ತಿ ನನ್ನ ಚಾಕುವನ್ನು ಮೇಜಿನ ಮೇಲಿಟ್ಟೆ. ಚಾಕು ಬೇಕಾದವನು ಕೊಕ್ಕೆ ಒತ್ತುತ್ತಾನೆ. ಅದನ್ನು ಮಾಡಿದವನೇ ದಾರ ಕೊಯ್ಯುತ್ತಾನೆಯೇ? ಪೆದ್ದಣ್ಣ ನನ್ನ ಸೊಂಟ, ನನ್ನ ಮುಖ ಎರಡನ್ನೂ ನೋಡಿ, ಫೋಟೋವನ್ನು ಮತ್ತೆ ಕೈಗೆತ್ತಿಕೊಂಡ.

ಹಾಗಾದರೆ ದಾರ ಯಾಕೆ ಹೋಯಿತು? ನನ್ನ ಅಪ್ಪ ಸತ್ತ ದಿನ ನೆನಪಾಯಿತು. ನೀರು ಹಾಕುವ ಮೊದಲು ದೊಡ್ಡಪ್ಪ ಕುಡುಗೋಲು ತಂದು ಅಪ್ಪನ ಉಡದಾರವನ್ನು ಹರಿದಿದ್ದರು. ಬರುವಾಗ ಬರಿಮೈ, ಹೋಗುವಾಗಲೂ ಬರಿಮೈ ಎಂದಿದ್ದರು. ಬದುಕಿರುವ ಗಂಡಸಿನ ಉಡದಾರವನ್ನು ನಮ್ಮ ಕಡೆ ಯಾರೂ ಹರಿಯುವುದಿಲ್ಲ. ಸತ್ತವನದನ್ನು ಹೊರಗಿನವರು ಹರಿಯುವುದಿಲ್ಲ.

ಕುರಿ ಕಾಯುವ ಪಾತಣ್ಣ ಹೆಣ ನೋಡಿ ಕೂಗುವ ಮೊದಲೇ ತೋಟಪ್ಪನ ಮನೆಯವರು ಯಾರೋ ಅಲ್ಲಿಗೆ ಬಂದಿದ್ದಾರೆ. ಬಂದು, ಸತ್ತಿದ್ದಾನೆಂದು ತಿಳಿದು, ಮಾಡಬೇಕಾದ ಶಾಸ್ತ್ರ ಮಾಡಿ, ಬಾಯಿ ಮುಚ್ಚಿಕೊಂಡು ಹೋಗಿದ್ದಾರೆ. ಲಾಕಪ್ಪಿನಲ್ಲಿರುವ ಹುಡುಗನಿಗೆ ಹೀಗೊಂದು ಶಾಸ್ತ್ರ ಇದೆಯೆಂದೇ ಗೊತ್ತಿಲ್ಲ.

ಮಧ್ಯಾಹ್ನ ಜೀಪು ತೆಗೆಸಿದೆ. ಮೆಟ್ಟಿಲ ಮೇಲೆ ಕೂತಿದ್ದ ಸಾಬಿರಾ ನನ್ನನ್ನು ನೋಡಿದಳು. ಸಂಜೆಯೊಳಗೆ ಬರುತ್ತೇನೆ ಎಂದಷ್ಟೇ ಹೇಳಿದೆ. ಸಂಜೆಯೊಳಗೆ ಏನಾಗಬೇಕೆಂಬುದು ಅವಳಿಗೂ ಗೊತ್ತಿತ್ತು.

ಸಿದ್ದಾಪುರದ ಆ ಮನೆಯಲ್ಲಿ ಮೂರನೇ ದಿನದ ಹಾಲುತುಪ್ಪ ಬಿಟ್ಟು ಬಂದಿದ್ದರು. ನೆಂಟರು ಊಟ ಮಾಡಿ ಚದುರಿದ್ದರು. ತೋಟಪ್ಪನಿಗೆ ಇನ್ನೂ ಮದುವೆಯಾಗಿರಲಿಲ್ಲ; ಮನೆಯಲ್ಲಿ ಉಳಿದವರು ತಾಯಿ ಯರ್ರಮ್ಮ ಮತ್ತು ಅಣ್ಣ ಬೊಮ್ಮಲಿಂಗಪ್ಪ. ಅಣ್ಣ ತಮ್ಮಂದಿರ ನಡುವೆ ಬೋರಿನ ನೀರಿನ ಪಾಳಿಗಾಗಿ ಮಾತು ನಿಂತು ಹೋಗಿತ್ತೆಂದು ದಾರಿಯಲ್ಲಿ ಪೆದ್ದಣ್ಣ ಹೇಳಿದ್ದ. ಅಂಥದ್ದು ಯಾವ ಊರಿನಲ್ಲಿ ಇಲ್ಲ ಎಂದು ನಾನು ಅದನ್ನು ಅಲ್ಲಿಗೇ ಬಿಟ್ಟಿದ್ದೆ.

ಬೊಮ್ಮಲಿಂಗಪ್ಪ ಮೆಲುಮಾತಿನ ಮನುಷ್ಯ. ಜಗಲಿಯ ಮೇಲೆ ಕುರ್ಚಿ ಹಾಕಿಸಿದ, ನೀರು ಕೊಡಿಸಿದ, ತಾನು ಕಂಬಕ್ಕೊರಗಿ ನಿಂತ. ಕೊಲೆಯಾದ ದಿನ ಶೇಂಗಾ ಲೋಡು ತೆಗೆದುಕೊಂಡು ಚಳ್ಳಕೆರೆಗೆ ಹೋಗಿದ್ದೆ, ಮಂಡಿಯಲ್ಲೇ ಚೀಲಗಳ ಮೇಲೆ ಮಲಗಿದ್ದೆ, ಮರುದಿನ ಸುದ್ದಿ ತಿಳಿದು ನೇರವಾಗಿ ದವಾಖಾನೆಗೆ ಬಂದೆ ಎಂದು ಮೊದಲು ಹೇಳಿದ್ದನ್ನೇ ಮತ್ತೆ ಹೇಳಿದ. ಹೇಳುವಾಗ ಅವನ ಬಲಗೈ ಆಗಾಗ ಸೊಂಟದ ಕಡೆ ಹೋಗಿ ಬರುತ್ತಿತ್ತು. ನಾಲ್ಕು ದಿನದ ಓಡಾಟ, ಸೊಂಟ ಹಿಡಿದಿರಬೇಕು ಅಂದುಕೊಂಡೆ.

"ತಮ್ಮನ ಉಡದಾರ ಯಾರು ಹರಿದರು ಬೊಮ್ಮಲಿಂಗಪ್ಪನವರೇ?"

ಅವನು ನೀರಿನ ಚೊಂಬನ್ನು ಎತ್ತಿ ಪಕ್ಕಕ್ಕಿಟ್ಟ. "ದವಾಖಾನೆಯೋರು ಕುಯ್ದಿರಬೇಕು ಸಾರ್. ನಮ್ಮ ಕೈಗೆ ಕೊಟ್ಟಾಗ ಇರ್ಲಿಲ್ಲ."

ಫೋಟೋ ಕೊಟ್ಟೆ. ಇದು ದವಾಖಾನೆಯಲ್ಲ, ನಿಮ್ಮ ಹೊಲದ ಬದು. ಬಿಳಿ ಗೆರೆ ಕಾಣುತ್ತಿದೆಯೇ ನೋಡಿ ಎಂದೆ. ಅವನು ಬಹಳ ಹೊತ್ತು ನೋಡಿದ. ತಮ್ಮನ ಮುಖವನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಿದ್ದ ಹಾಗೆ ಕಂಡಿತು.

"ನಂಗೆ ಗೊತ್ತಿಲ್ಲ ಸಾರ್. ಆ ಸಾಬರ ಹುಡುಗನ್ನ ಕೇಳ್ರಿ."

"ಅವನಿಗೆ ಉಡದಾರವೇ ಗೊತ್ತಿಲ್ಲ. ಹರಿದವರು ಮನೆಯವರೇ."

"ಮನೇಲಿ ಇರೋರೇ ಇಬ್ರು. ನಾನು ಊರಲ್ಲಿರಲಿಲ್ಲ."

ಆ ಮಾತು ಬಾಯಿಂದ ಹೊರಟ ಮೇಲೆ ಅದು ಎಲ್ಲಿ ಹೋಗಿ ಮುಟ್ಟುತ್ತದೆ ಎಂದು ಅವನಿಗೆ ತಿಳಿದಿರಬೇಕು. ಬಾಗಿಲ ಕಡೆ ತಿರುಗಿದ. ಹೊಸ್ತಿಲ ಒಳಗೆ, ಗೋಡೆಗೊರಗಿ ಕೂತಿದ್ದ ಯರ್ರಮ್ಮ ಅದುವರೆಗೆ ನಮ್ಮ ಕಡೆ ನೋಡಿಯೂ ಇರಲಿಲ್ಲ.

"ಹರಿದೋಳು ನಾನು ಸಾಮೀ," ಎಂದಳು.

ಅವಳ ದನಿಯಲ್ಲಿ ಭಯವಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ, ಮಗ ಮನೆಗೆ ಬರಲಿಲ್ಲವೆಂದು ಹೊಲಕ್ಕೆ ಹುಡುಕಿಕೊಂಡು ಹೋಗಿದ್ದಳಂತೆ. ಬದುವಿನ ಮೇಲೆ ಬಿದ್ದಿದ್ದ. ಮುಟ್ಟಿದಳು, ತಣ್ಣಗಿದ್ದ. ಹುಲ್ಲಿಗೆಂದು ತಂದಿದ್ದ ಕುಡುಗೋಲು ಕೈಯಲ್ಲೇ ಇತ್ತು. ಹಿಂದೆ ಯಾವಾಗಲೋ ಪೊಲೀಸರು ಸಾಗಿಸಿದ ಹೆಣವೊಂದನ್ನು ಅವಳು ನೋಡಿದ್ದಳು; ಬಟ್ಟೆ ಸುತ್ತಿ, ಹೊಲಿದು, ಗಂಟಿನ ಹಾಗೆ ಕೊಟ್ಟಿದ್ದರು.

"ತೊಟ್ಲಿಗೆ ಹಾಕೋ ದಿನ ಮೊದ್ಲು ದಾರ ಕಟ್ಟಿದ್ದು ಈ ಕೈ. ನಿಮ್ ದವಾಖಾನೇಲಿ ಯಾರೋ ಕತ್ರಿ ಹಾಕೋದ್ ಬ್ಯಾಡ ಅನ್ಸ್ತು ನಾಯನಾ. ನಾನೇ ಹರಿದು ತಂದೆ."

ಕೂಗಿ ಊರು ಸೇರಿಸಲಿಲ್ಲವೇಕೆ ಎಂದು ಕೇಳಬೇಕಿತ್ತು, ಅದೇ ನನ್ನ ಕೆಲಸ. ಕೇಳಿದೆ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ದಾರ ಎಲ್ಲಿದೆ ಎಂದೆ. ಎದ್ದು ಒಳಗೆ ಹೋಗಿ, ದೇವರ ಗೂಡಿನಿಂದ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿಟ್ಟಿದ್ದ ಸಣ್ಣ ಗಂಟನ್ನು ತಂದಳು.

ಬಿಚ್ಚಲು ಹೋದಳು. ಬಿಗಿಯಾಗಿ ಕಟ್ಟಿದ್ದಳು, ಬರಲಿಲ್ಲ. ಪಕ್ಕದಲ್ಲಿ ನಿಂತಿದ್ದ ದೊಡ್ಡ ಮಗನ ಕಡೆ ಚಾಚಿದಳು.

"ಬೊಮ್ಮಾ, ಇದನ್ನ ಸ್ವಲ್ಪ ಕೊಯ್ಯಪ್ಪ."

ಅವನ ಬಲಗೈ ಸೊಂಟಕ್ಕೆ ಹೋಯಿತು. ಅಂಗಿಯ ಅಂಚು ಸರಿಯಿತು. ಎರಡು ಬೆರಳು ಏನನ್ನೋ ಹಿಡಿದವು, ಹೆಬ್ಬೆರಳು ಒತ್ತಿತು.

ಅಲ್ಲಿ ಏನೂ ಇರಲಿಲ್ಲ.

ಕೈ ಅಲ್ಲೇ ನಿಂತಿತು. ನಿನ್ನೆಯಿಂದ ನಾನು ಕಲಿತದ್ದು ಅದೇ ಹಿಡಿತ, ಅದೇ ಒತ್ತು. ಅದನ್ನು ಮನಸ್ಸು ಮಾಡುವುದಿಲ್ಲ, ಕೈಯೇ ಮಾಡಿಬಿಡುತ್ತದೆ. ಮುಟ್ಟುಗೋಲಾದ ಚಾಕು ಎಂದೋ ಸ್ಟೇಷನ್ನಿನ ಕವರಿನೊಳಗೆ ಸೇರಿದೆ ಎಂಬುದು ಬೊಮ್ಮಲಿಂಗಪ್ಪನಿಗೆ ಗೊತ್ತಿತ್ತು, ಅವನ ಕೈಗೆ ಗೊತ್ತಿರಲಿಲ್ಲ.

ನಾನು ಯರ್ರಮ್ಮನ ಕೈಯಿಂದ ಗಂಟನ್ನು ತೆಗೆದುಕೊಂಡು ಉಗುರಿನಿಂದ ಬಿಚ್ಚಿದೆ. ಕೆಂಪು ದಾರ, ಬಣ್ಣ ಮಾಸಿದ್ದು. ಯಾವಾಗ ಕಟ್ಟಿದ್ದೆಂದು ಕೇಳಿದೆ. ಹೋದ ಉಗಾದಿಗೆ ತಾನೇ ತಂದುಕೊಟ್ಟಿದ್ದೆಂದಳು. ಉಗಾದಿ ಕಳೆದ ಮೇಲೆ, ಮುಂಗಾರಿಗೆ ಮುಂಚೆ, ಮುಬಷೀರ್ ಕೊಕ್ಕೆ ಕೊಟ್ಟದ್ದು.

ದಾರವನ್ನು ಬೆಳಕಿಗೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದೆ. ಎಲ್ಲೂ ಕಪ್ಪಿಲ್ಲ. ಕಿಲುಬಿಲ್ಲ. ಸವೆದ ಗುರುತಿಲ್ಲ. ಒಂದೇ ದಿನಕ್ಕೆ ನನ್ನ ದಾರ ಕಪ್ಪಾಗಿತ್ತು. ಈ ದಾರಕ್ಕೆ ಆ ಕೊಕ್ಕೆ ಒಂದು ದಿನವೂ ತಾಗಿರಲಿಲ್ಲ.

ತೋಟಪ್ಪ ಆ ಚಾಕುವನ್ನು ಎಂದೂ ಕಟ್ಟಿಕೊಂಡಿರಲಿಲ್ಲ.

ಆಗ ಮುಬಷೀರನ ದನಿ ಮತ್ತೆ ಕಿವಿಯಲ್ಲಿ ಕೇಳಿಸಿತು, ಈ ಸಲ ಊದಿದ ತುಟಿಯನ್ನು ಬಿಟ್ಟು. ಒಂದೇ ಬೆಂಚಿನ ಗೆಳೆಯನನ್ನು ತೋಟ ಎನ್ನುವವನು, ಲೇ ಎಂದು ಮಾತಾಡುವವನು, ಅವನನ್ನು 'ಅಣ್ಣೋರು' ಎಂದು ಯಾಕೆ ಕರೆಯುತ್ತಾನೆ? ಸತ್ತ ಮೇಲೆ ಗೌರವ ಬಂದಿರಬೇಕೆಂದು ನಾವು ಕೇಳಿಸಿಕೊಂಡೆವು. ಅವನು ತೋಟಪ್ಪಣ್ಣೋರಿಗೆ ಎಂದಿರಲಿಲ್ಲ. ತೋಟಪ್ಪನಣ್ಣೋರಿಗೆ ಎಂದಿದ್ದ. ತೋಟಪ್ಪನ ಅಣ್ಣನವರಿಗೆ. ಹೆಸರು ಗೊತ್ತಿಲ್ಲದ ಹಿರಿಯರನ್ನು ಗೆಳೆಯನ ಅಣ್ಣ ಎಂದೇ ಕರೆದಿದ್ದ, ಎಲ್ಲರೂ ಕರೆಯುವ ಹಾಗೆ. ನಡುವಿನ ಒಂದಕ್ಷರ ಊದಿದ ತುಟಿಯಲ್ಲಿ ನುಂಗಿಹೋಗಿತ್ತು. ಅವನನ್ನು ಬಿಡಿಸುತ್ತಿದ್ದ ಅಕ್ಷರವನ್ನು ನಮ್ಮವರೇ ಹೊಡೆದು ಒಳಗೆ ತಳ್ಳಿದ್ದರು.

ಅವ್ರನ್ನೇ ಕೇಳಿ ಸಾರ್ ಎಂದಿದ್ದ. ನಾವು ನಕ್ಕಿದ್ದೆವು.

"ಬೊಮ್ಮಲಿಂಗಪ್ಪನವರೇ," ಎಂದೆ. "ನಿಮ್ಮ ಉಡದಾರ ಒಂಚೂರು ತೋರಿಸ್ತೀರಾ?"

ಅವನು ಅಲುಗಲಿಲ್ಲ. ಅಂಗಿಯ ಮೇಲೆ ಕೈ ಒತ್ತಿ ಹಿಡಿದಿದ್ದ. ಆ ಕೈಯ ಕೆಳಗೆ ಕಪ್ಪು ಹತ್ತಿದ ದಾರವೊಂದು ಇದೆ ಎಂದು ನನಗೆ ಕಂಡಷ್ಟೇ ಖಚಿತವಾಗಿತ್ತು. ನಾನು ಕುರ್ಚಿಯಿಂದ ಎದ್ದೆ.

ನನಗಿಂತ ಮೊದಲು ಯರ್ರಮ್ಮ ನಮ್ಮಿಬ್ಬರ ನಡುವೆ ಬಂದಿದ್ದಳು. ಅವಳು ನನ್ನನ್ನು ನೋಡಲಿಲ್ಲ. ದೊಡ್ಡ ಮಗನ ಆ ಕೈಯನ್ನು ನೋಡಿದಳು, ಆಮೇಲೆ ಅವನ ಮುಖವನ್ನು. ಆ ಬೆಳಗಿನ ಜಾವದಿಂದ ಯಾಕೆ ಬಾಯಿ ಬಿಡಲಿಲ್ಲವೆಂಬುದಕ್ಕೆ ಉತ್ತರ ಆ ನೋಟದಲ್ಲಿತ್ತು. ಹೆಣದ ಪಕ್ಕ ಬಿದ್ದಿದ್ದ ಚಾಕು ಯಾರ ಸೊಂಟದ್ದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ನನ್ನ ಕಡೆ ತಿರುಗಿ ಎರಡೂ ಕೈ ಮುಂದೆ ಚಾಚಿದಳು.

"ಬರ್ಕೊಳ್ರಿ ಸಾಮೀ. ದಾರ ಹರಿದೋಳೂ ನಾನೇ, ಚಾಕು ಹಾಕಿದೋಳೂ ನಾನೇ."

ಬಿಸಿಲು ಜಗಲಿಯ ಅಂಚಿಗೆ ಇಳಿಯುತ್ತಿತ್ತು. ಮೊಳಕಾಲ್ಮುರಿನ ಮೆಟ್ಟಿಲ ಮೇಲೆ ಇನ್ನೊಬ್ಬ ತಾಯಿ ಇದೇ ಬಿಸಿಲನ್ನು ನೋಡುತ್ತ ಕೂತಿದ್ದಳು. ಈ ಒಂದು ಸುಳ್ಳನ್ನು ಬರೆದುಕೊಂಡರೆ ಸಂಜೆಯೊಳಗೆ ಅವಳ ಮಗ ಮನೆಗೆ ಹೋಗುತ್ತಾನೆ. ಬರೆದುಕೊಳ್ಳದೆ ಹೋದರೆ, ಈ ಮುದುಕಿಗೆ ಉಳಿದಿರುವ ಒಬ್ಬನನ್ನೂ ನಾನೇ ಕಿತ್ತುಕೊಳ್ಳಬೇಕು, ಅದೂ ಒಂದು ಕೈಯ ಅಭ್ಯಾಸವನ್ನೂ ಒಂದು ದಾರದ ಕಪ್ಪನ್ನೂ ನಂಬಿಕೊಂಡು.

ನಾನು ಬೊಮ್ಮಲಿಂಗಪ್ಪನ ಬಾಯನ್ನೇ ನೋಡುತ್ತಿದ್ದೆ. ಅವ್ವಾ, ಸುಮ್ಮನಿರು ಎಂದು ಒಂದು ಮಾತು ಬಂದಿದ್ದರೆ ಸಾಕಿತ್ತು.

ಅವನು ತಲೆ ತಗ್ಗಿಸಿದ. ಅಲ್ಲ ಅನ್ನಲಿಲ್ಲ.

ಪೆದ್ದಣ್ಣ ಪೆನ್ನಿನ ಕ್ಯಾಪು ತೆಗೆದು, ಬರೆದುಕೊಳ್ಳಲೋ ಬೇಡವೋ ಎಂದು ನನ್ನ ಮುಖ ನೋಡಿದ.